ಜರ್ಮನ್ ಕಲಿಯೋಕೆ ಆಂಕಿ: ಎ1 (ಆರಂಭದ ಹಂತ) ಇಂದ ಬಿ1 (ಮಧ್ಯಮ ಹಂತ) ವರೆಗೆ ಬಳಸಿದ ಮೇಲೆ

ಆಂಕಿ ಅಂದರೆ ಕಾರ್ಡ್ ತೋರಿಸಿ ಬಾಯಿಪಾಠ ಮಾಡಿಸುವ ಸಾಫ್ಟ್‌ವೇರ್. ಅದರಲ್ಲಿ ಪಾಠ ಇಲ್ಲ, ಆಟ ಇಲ್ಲ, ಬಹುಮಾನವೂ ಇಲ್ಲ. ತೆರೆದರೆ ಒಂದು ಕಾರ್ಡ್ ಬರುತ್ತದೆ, ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ಮನಸ್ಸಿನಲ್ಲೇ ಹೇಳಿಕೊಂಡು ತಿರುಗಿಸಿ ನೋಡಬೇಕು. ಆಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕು ಬಟನ್. ನೀವು ಒತ್ತಿದ್ದನ್ನು ನೋಡಿಕೊಂಡು ಆ ಕಾರ್ಡನ್ನು ನಾಳೆ ತೋರಿಸಬೇಕೋ, ಮುಂದಿನ ತಿಂಗಳೋ ಅಂತ ಲೆಕ್ಕ ಹಾಕುತ್ತದೆ. 2006ರಿಂದ ಇರುವ ಸಾಫ್ಟ್‌ವೇರ್, ನೋಡೋಕೂ ಹಾಗೇ ಇದೆ! 2023ರಲ್ಲಿ ಸೇರಿಸಿದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕವನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ಗೊತ್ತಿರುವ ಕಾರ್ಡ್‌ಗಳು ಸುಮ್ನೆ ಪದೇ ಪದೇ ಬರುವುದು ಕಡಿಮೆಯಾಗುತ್ತದೆ.

ವಸ್ತುಗಳೆಲ್ಲ ನಪುಂಸಕಲಿಂಗ ಅಂತ ಓದಿ ಬೆಳೆದ ನಮಗೆ ಜರ್ಮನ್‌ನ ತಲೆನೋವೇ ಲಿಂಗ. ಪ್ರತಿ ನಾಮಪದದ ಮುಂದೆ ಡೆರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಇವುಗಳಲ್ಲಿ ಯಾವುದು ಅಂತ ಗೊತ್ತಿರಬೇಕು. ಊಟದ ಟೇಬಲ್ ಮೇಲೇ ನೋಡಿ: ಚಮಚ ಡೆರ್, ಫೋರ್ಕ್ ಡೀ, ಚಾಕು ಡಾಸ್. ಕಾರಣ ಹುಡುಕಿ ಪ್ರಯೋಜನ ಇಲ್ಲ, ಬಾಯಿಪಾಠವೇ ಗತಿ. ಅದಕ್ಕೆ ಆಂಕಿಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಡೆರ್ ಪದಗಳಿಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಬಣ್ಣ ಕೊಟ್ಟಿದ್ದೇನೆ. ಈಗ ಎಷ್ಟೋ ಸಲ ಪದಕ್ಕಿಂತ ಮೊದಲು ಬಣ್ಣ ನೆನಪಿಗೆ ಬರುತ್ತದೆ.

ರೆಡಿಮೇಡ್ ಡೆಕ್‌ಗಳು, ಅಂದರೆ ಕಾರ್ಡ್‌ಗಳ ಕಟ್ಟುಗಳು, ಪುಕ್ಕಟೆ ಸಿಗುತ್ತವೆ. ಆದರೂ ಕಾರ್ಡ್ ನೀವೇ ಮಾಡಿಕೊಳ್ಳಿ, ಅರ್ಥ ಕನ್ನಡದಲ್ಲೇ ಬರೆಯಿರಿ. ಬಿಡಿ ಪದಕ್ಕಿಂತ ಇಡೀ ವಾಕ್ಯ ವಾಸಿ. 'ಇಷ್ ಮಾಖೆ ಡೀ ಟ್ಯೂರ್ ಟ್ಸು' ಅಂದರೆ ಬಾಗಿಲು ಹಾಕುತ್ತೇನೆ. ಇಲ್ಲಿ 'ಟ್ಸುಮಾಖೆನ್' (ಮುಚ್ಚು) ಎಂಬ ಕ್ರಿಯಾಪದ ಎರಡು ತುಂಡಾಗಿ, ಒಂದು ತುಂಡು ವಾಕ್ಯದ ಕೊನೆಗೆ ಹೋಗಿ ಕೂತಿದೆ. ಆ 'ಟ್ಸು' ಜಾಗ ಖಾಲಿ ಬಿಟ್ಟು ಕ್ಲೋಜ್ ಕಾರ್ಡ್ ಮಾಡಿದರೆ ವ್ಯಾಕರಣವೂ ಕೈಗೆ ಹತ್ತುತ್ತದೆ. ಇನ್ನು 'ವೈಲ್' (ಯಾಕಂದರೆ) ಬಂದಾಗ ಕ್ರಿಯಾಪದ ಕೊನೆಗೆ ಹೋಗುವುದಕ್ಕೆ ನಾನು ಕಾರ್ಡೇ ಮಾಡಲಿಲ್ಲ. ಕನ್ನಡದವರಿಗೆ ಅದೇನು ಹೊಸದಲ್ಲ, ಅಲ್ವಾ?

ಕಿರಿಕಿರಿಯೂ ಇದೆ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟರೆ ಕಾರ್ಡ್‌ಗಳು ರಾಶಿ ಬಿದ್ದಿರುತ್ತವೆ. ದಿನಕ್ಕೆ 20 ಹೊಸ ಕಾರ್ಡ್ ಅಂತ ಮೊದಲೇ ಇಟ್ಟಿರುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿ, ಅರ್ಧಕ್ಕೆ ಇಳಿಸಿ. ಎಂಟು ಸಲ ಮರೆತ ಕಾರ್ಡಿಗೆ ಆಂಕಿಯೇ 'ಲೀಚ್' ಅಂತ ಗುರುತು ಹಾಕುತ್ತದೆ. ಅವನ್ನು ಬೇರೆ ವಾಕ್ಯದಲ್ಲಿ ಹೊಸದಾಗಿ ಬರೆಯುವುದು ಒಳ್ಳೆಯದು.

ಮಾತಾಡೋಕೆ ಮಾತ್ರ ಆಂಕಿ ನಂಬಬೇಡಿ. ಅದಕ್ಕೆ ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ಕ್ಲಾಸೋ, ಎದುರಿಗೆ ಕೂತು ಮಾತಾಡುವ ಒಬ್ಬರೋ ಬೇಕೇ ಬೇಕು.

ಕಂಪ್ಯೂಟರ್‌ನಲ್ಲಿ ಆಂಕಿ ಉಚಿತ. ಐಫೋನ್ ಆ್ಯಪ್‌ಗೆ ಒಂದು ಸಲ ದುಡ್ಡು ಕೊಡಬೇಕು, ಬೇಡ ಅಂದರೆ ಬ್ರೌಸರ್‌ನಲ್ಲಿ ಆಂಕಿವೆಬ್ ಇದೆ. ಆಂಡ್ರಾಯ್ಡ್‌ನವರು ಹೆಸರು ನೋಡಿ ಇಳಿಸಿಕೊಳ್ಳಿ. ನಿಮಗೆ ಬೇಕಾದದ್ದು ಆಂಕಿಡ್ರಾಯ್ಡ್, ಅದಕ್ಕೂ ದುಡ್ಡಿಲ್ಲ.