ಬರ್ಕಿ ಸ್ಕೀ ರೇಸ್: ಹೇವರ್ಡ್ ಊರಿನವರು ನಡೆಸುವ ರೀತಿಗೆ ಪೂರ್ತಿ ಅಂಕ

ಮಿನಿಯಾಪೊಲಿಸ್ ಕಡೆ ಇರುವ ಕನ್ನಡದವರಲ್ಲಿ ಚಳಿಗಾಲ ಬಂತೆಂದರೆ ಬಾಗಿಲು ಹಾಕಿಕೊಂಡು ಏಪ್ರಿಲ್‌ಗೆ ಕಾಯುವವರೇ ಜಾಸ್ತಿ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಫೆಬ್ರವರಿ ಕೊನೆಯಲ್ಲಿ ಒಂದು ಶನಿವಾರ ಬಿಡುವು ಮಾಡಿಕೊಂಡು ವಿಸ್ಕಾನ್ಸಿನ್‌ನ ಹೇವರ್ಡ್‌ಗೆ ಹೋಗಿ ಬನ್ನಿ. ಎರಡೂವರೆ, ಮೂರು ಗಂಟೆ ಡ್ರೈವ್. ಅಮೆರಿಕನ್ ಬರ್ಕಬೈನರ್ ಅನ್ನುವ ಕ್ರಾಸ್ ಕಂಟ್ರಿ ಸ್ಕೀ ರೇಸ್, ಅಂದರೆ ಕಾಡಿನ ಏರಿಳಿತದಲ್ಲಿ ಸ್ಕೀ ಮೇಲೆ ದೂರ ಸಾಗುವ ಓಟ, ಅಲ್ಲಿ ನಡೆಯುತ್ತದೆ, ಎಲ್ಲರ ಬಾಯಲ್ಲೂ ಅದು ಬರೀ ಬರ್ಕಿ. ನಿಮಗೆ ಸ್ಕೀ ಬರಬೇಕು ಅಂತೇನಿಲ್ಲ. ನಾನು ಇದರಲ್ಲಿ ಓಡಿದ್ದೇನೆ, ಇನ್ನೊಂದು ವರ್ಷ ವಾಲಂಟಿಯರ್ ಆಗಿ ದಾರಿಬದಿಯಲ್ಲಿ ನಿಂತು ನೀರಿನ ಕಪ್ಪು ತುಂಬಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅದರಲ್ಲಿ ನಾಲ್ಕು ಆ ಊರಿನ ಜನಕ್ಕೇ ಸಲ್ಲಬೇಕು.

ಹೇವರ್ಡ್‌ನ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ರೇಸ್ ಶುರುವಾಗುವ ಕೇಬಲ್ ಇನ್ನೂ ಚಿಕ್ಕದು. ರೇಸ್ ವಾರದಲ್ಲಿ ಇಲ್ಲಿಗೆ ಬರುವ ಸ್ಕೀಯರ್‌ಗಳೇ ಹತ್ತು ಸಾವಿರ ದಾಟುತ್ತಾರೆ, ನೋಡಲು ಬರುವವರು ಬೇರೆ. ಇಷ್ಟು ಜನಕ್ಕೆ ಗಾಡಿ ನಿಲ್ಲಿಸಲು ಜಾಗ ತೋರಿಸುವುದು, ಬಸ್ ಹತ್ತಿಸುವುದು, ಬಿಬ್ (ಓಡುವವರು ಹಾಕಿಕೊಳ್ಳುವ ನಂಬರಿನ ಬಟ್ಟೆ) ಕೊಡುವುದು, ಬಟ್ಟೆ ಚೀಲ ಸಾಗಿಸುವುದು, ಕಾಡಿನ ಮಧ್ಯೆ ನೀರು ತಿಂಡಿ ಕೊಡುವುದು, ಬಿದ್ದವರನ್ನು ಎತ್ತುವುದು, ಕೊನೆಗೆ ಕಸ ಬಾಚುವುದು, ಇದೆಲ್ಲ ಮಾಡುವವರು ಎರಡು ಸಾವಿರಕ್ಕೂ ಹೆಚ್ಚು ವಾಲಂಟಿಯರ್‌ಗಳು. ರೇಸ್‌ನ ಹೊಣೆ ಹೊತ್ತಿರುವುದು ಲಾಭದ ಉದ್ದೇಶ ಇಲ್ಲದ ಒಂದು ಫೌಂಡೇಶನ್. ಆದರೆ ಅಲ್ಲಿ ನಿಂತು ನೋಡಿದರೆ ಊರಿನ ತೇರಿಗೆ ಊರಿಗೆ ಊರೇ ಹೆಗಲು ಕೊಟ್ಟ ಹಾಗೆ ಕಾಣುತ್ತದೆ. ಟೀಚರು, ನಿವೃತ್ತರು, ಹೈಸ್ಕೂಲ್ ಹುಡುಗರು, ಚರ್ಚಿನ ಗುಂಪಿನವರು, ಅಂಗಡಿಯವರು, ಎಲ್ಲರಿಗೂ ಒಂದೊಂದು ಕೆಲಸ ಇರುತ್ತದೆ. ಎಷ್ಟೋ ಜನ ವರ್ಷ ವರ್ಷವೂ ಅದೇ ಜಾಗಕ್ಕೆ ಬಂದು ಅದೇ ಕೆಲಸ ಮಾಡುತ್ತಾರೆ.

ಇದರ ಹಿಂದಿನ ಕಥೆಯೂ ಚೆನ್ನಾಗಿದೆ. ಹೇವರ್ಡ್‌ನವನೇ ಆದ ಟೋನಿ ವೈಸ್ ಎರಡನೇ ಮಹಾಯುದ್ಧ ಮುಗಿಸಿಕೊಂಡು ಬಂದು 1947ರಲ್ಲಿ ಕೇಬಲ್ ಹತ್ತಿರ ಟೆಲಿಮಾರ್ಕ್ ಅನ್ನುವ ಸ್ಕೀ ಗುಡ್ಡ ಶುರು ಮಾಡಿದ. 1973ರಲ್ಲಿ ಈ ರೇಸ್ ಇಟ್ಟ. ಮೊದಲ ಸಲ ಓಡಿದವರು 35 ಜನ. ಹೆಸರು ನಾರ್ವೆಯದು. ಅಲ್ಲಿ 1206ರಲ್ಲಿ ಒಳಯುದ್ಧ ನಡೆಯುತ್ತಿದ್ದಾಗ, ಹೋಕನ್ ಅನ್ನುವ ಪುಟ್ಟ ರಾಜಕುಮಾರನನ್ನು ಇಬ್ಬರು ಸೈನಿಕರು ಸ್ಕೀ ಮೇಲೆ ಬೆಟ್ಟ ದಾಟಿಸಿ ಉಳಿಸಿದರು. ಅವರ ಕಡೆಯವರು ಕಾಲಿಗೆ ಬರ್ಚ್ ಮರದ ತೊಗಟೆ ಸುತ್ತಿಕೊಳ್ಳುತ್ತಿದ್ದರಂತೆ, ಬರ್ಕಬೈನರ್ ಅನ್ನುವ ಹೆಸರು ಬಂದದ್ದು ಅದರಿಂದ. ಆ ಮಗು ಮುಂದೆ ನಾರ್ವೆಯ ರಾಜನಾದ. ಹೇವರ್ಡ್‌ನಲ್ಲಿ ಈಗಲೂ ಇಬ್ಬರು ಸೈನಿಕರ ವೇಷದಲ್ಲಿ, ಒಬ್ಬರು ಮಗುವಿನ ತಾಯಿ ಇಂಗಾ ವೇಷದಲ್ಲಿ ಮರದ ಸ್ಕೀ ಹಾಕಿಕೊಂಡು ಪೂರ್ತಿ ದಾರಿ ಬರುತ್ತಾರೆ. ದಾರಿಯುದ್ದಕ್ಕೂ ಕೈಯಲ್ಲಿ ಗೊಂಬೆ. ಊರಿನ ಮುಖ್ಯ ಬೀದಿಗೆ ಬರುವಾಗ ಅಲ್ಲಿಯದೇ ಒಂದು ನಿಜವಾದ ಮಗುವನ್ನು ಎತ್ತಿಕೊಂಡು ಗೆರೆ ದಾಟುತ್ತಾರೆ. ಆ ಹೊತ್ತಿಗೆ ಜನ ಕೂಗುವುದನ್ನು ಕೇಳಬೇಕು ನೀವು. ಒಳ್ಳೊಳ್ಳೆ ಓಟಗಾರರಿಗೂ ಅಷ್ಟು ಕೂಗಿರುವುದಿಲ್ಲ.

ಈಗ ರೇಸ್ ದಿನಕ್ಕೆ ಬರೋಣ. ಸ್ಕೇಟ್ ಶೈಲಿಯ ದೊಡ್ಡ ರೇಸ್ 50 ಕಿಲೋಮೀಟರ್, ಕೇಬಲ್‌ನಿಂದ ಹೇವರ್ಡ್‌ವರೆಗೆ. ಸ್ಕೇಟ್ ಅಂದರೆ ಸ್ಕೀಯನ್ನು ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳಿ ಜಾರುವುದು. ಕ್ಲಾಸಿಕ್ ಅಂದರೆ ಯಂತ್ರ ಮಾಡಿಟ್ಟ ಎರಡು ಗೀರಿನಲ್ಲಿ ನೇರ ಹೆಜ್ಜೆ, ಅದರ ದಾರಿ ಸ್ವಲ್ಪ ಉದ್ದ. ಇಷ್ಟು ದೂರ ಬೇಡ ಅನ್ನುವವರಿಗೆ 29 ಕಿಲೋಮೀಟರಿನ ಕೋರ್ಟಲೋಪೆಟ್ ಇದೆ, 15 ಕಿಲೋಮೀಟರಿನ ಪ್ರಿನ್ಸ್ ಹೋಕನ್ ಇದೆ, ಮಕ್ಕಳಿಗೆ ಬಾರ್ನಬರ್ಕಿ ಇದೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಂತರರಾಷ್ಟ್ರೀಯ ಮಟ್ಟದಲ್ಲಿ ಓಡುವುದು ಈ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲೇ. 2025ರಲ್ಲಿ ಚಿಲಿಯಲ್ಲಿ ಕಂಚು ಗೆದ್ದರಲ್ಲ, ಅವರೇ. ಕಾಫಿ ತೋಟದ ನಾಡಿನ ಹುಡುಗಿಗೆ ಒಗ್ಗಿದ ಆಟ ನಮಗೆ ಆಗುವುದಿಲ್ಲ ಅಂತ ಯಾಕೆ ಅಂದುಕೊಳ್ಳಬೇಕು?

ಬೆಳಿಗ್ಗೆ ದೂರದಲ್ಲಿ ಕಾರು ನಿಲ್ಲಿಸಿ ಹಳದಿ ಸ್ಕೂಲ್ ಬಸ್ ಹತ್ತಿ ಸ್ಟಾರ್ಟ್‌ಗೆ ಹೋಗಬೇಕು. ಕತ್ತಲಲ್ಲೇ ಟಾರ್ಚ್ ಹಿಡಿದ ವಾಲಂಟಿಯರ್‌ಗಳು ಸಾಲು ಮಾಡಿಸುತ್ತಿರುತ್ತಾರೆ. ಆ ಚಳಿಯಲ್ಲೂ ಒಬ್ಬರ ದನಿಯಲ್ಲೂ ಸಿಡುಕು ಕೇಳಲಿಲ್ಲ. ಸ್ಟಾರ್ಟ್‌ನಲ್ಲಿ ಮೇಲಿನ ಬೆಚ್ಚನೆ ಬಟ್ಟೆ ತೆಗೆದು ಚೀಲಕ್ಕೆ ಹಾಕಿ ಕೊಡಬೇಕು. ನೀವು ಓಡಿ ಹೇವರ್ಡ್ ತಲುಪುವಷ್ಟರಲ್ಲಿ ಅದು ಲಾರಿಯಲ್ಲಿ ಅಲ್ಲಿಗೆ ಬಂದು, ಬಿಬ್ ನಂಬರಿನ ಪ್ರಕಾರ ಜೋಡಿಸಿಟ್ಟಿರುತ್ತದೆ. ಸಾವಿರಾರು ಚೀಲಗಳು! ನಾನು ಗೆರೆ ದಾಟಿ ಅಲ್ಲಿಗೆ ಹೋಗುವಾಗಲೇ ದೂರದಿಂದ ನಂಬರ್ ಓದಿಕೊಂಡ ಒಬ್ಬ ಹುಡುಗ ಚೀಲ ಎತ್ತಿ ಹಿಡಿದಿದ್ದ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವವರಿಗೆ ಆ ಎರಡು ನಿಮಿಷ ಉಳಿಯುವುದು ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು.

ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಹಳೆಯ ಟೈಮಿಂಗ್ ನೋಡಿ ಗುಂಪು ಮಾಡಿ ಕೆಲವು ನಿಮಿಷದ ಅಂತರದಲ್ಲಿ ಬಿಡುತ್ತಾರೆ, ಅದಕ್ಕೆ ವೇವ್ ಅನ್ನುತ್ತಾರೆ. ಹೊಸಬರಿಗೆ ಹಿಂದಿನ ವೇವ್. ನಿಮ್ಮ ಸರದಿ ಬರುವಷ್ಟರಲ್ಲಿ ಮುಂದೆ ಹೋದ ಸಾವಿರಾರು ಜನರ ಸ್ಕೀಗೆ ಸಿಕ್ಕಿ ಏರುಗಳಲ್ಲಿ ಸ್ನೋ ಸಕ್ಕರೆಯಂತೆ ಪುಡಿಯಾಗಿರುತ್ತದೆ, ಹಿಡಿತ ಸಿಗುವುದಿಲ್ಲ. ಇದು ಯಾರ ತಪ್ಪೂ ಅಲ್ಲ, ಹೊಸಬರು ಕಾಲಿಗೆ ಸ್ವಲ್ಪ ಜಾಸ್ತಿ ತಯಾರಿ ಮಾಡಿಕೊಂಡು ಹೋಗಬೇಕು ಅಷ್ಟೇ. ಮೊದಲ ಹದಿಮೂರು ಕಿಲೋಮೀಟರ್ ಹತ್ತುವುದೇ ಹೆಚ್ಚು.

ನೀರು ತಿಂಡಿ ಕೊಡುವ ಏಡ್ ಸ್ಟೇಷನ್‌ಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ದಾರಿಯುದ್ದಕ್ಕೂ ಕೆಲವು ಕಿಲೋಮೀಟರಿಗೊಂದು ಇರುತ್ತದೆ. ಇವನ್ನು ನಡೆಸುವವರು ಬೇರೆ ಬೇರೆ ಗುಂಪಿನವರು, ಒಂದೊಂದು ಗುಂಪಿಗೂ ತನ್ನದೇ ಹುಮ್ಮಸ್ಸು. ನಾನು ನಿಂತ ವರ್ಷ ಬೆಳಕು ಹರಿಯುವ ಮುಂಚೆಯೇ ಹೋಗಿ ಮೇಜು ಜೋಡಿಸಿ ಕಪ್ಪುಗಳನ್ನು ಸಾಲಾಗಿ ಇಟ್ಟೆವು. ತುಂಬಿ ಸ್ವಲ್ಪ ಹೊತ್ತು ಬಿಟ್ಟರೆ ನೀರಿನ ಮೇಲೆ ಐಸ್ ಪದರ ಕಟ್ಟುತ್ತದೆ, ಅದನ್ನು ಒಡೆಯುತ್ತಲೇ ಇರಬೇಕು. ಸ್ಕೀಯರ್ ಬರುವಾಗ ಕಪ್ಪನ್ನು ಹಿಂಡದೆ ಅಂಚಿನಲ್ಲಿ ಹಗುರವಾಗಿ ಹಿಡಿದು ಕೈ ಚಾಚಬೇಕು, ಒಳಗೆ ಏನಿದೆ ಅಂತ ಜೋರಾಗಿ ಕೂಗುತ್ತಿರಬೇಕು. ವಾಟರ್, ವಾಟರ್! ಪಕ್ಕದವರು ಎನರ್ಜಿ, ಎನರ್ಜಿ! ಯಾಕೆಂದರೆ ಅವರಿಗೆ ನಿಂತು ಕೇಳುವಷ್ಟು ಪುರುಸೊತ್ತು ಇರುವುದಿಲ್ಲ. ಕುಡಿದು ಬಿಸಾಡಿದ ಕಪ್ಪುಗಳನ್ನು ರೇಕ್ ಹಿಡಿದವರು ಕ್ಷಣ ಬಿಡದೆ ಬದಿಗೆ ಎಳೆಯುತ್ತಿರುತ್ತಾರೆ, ಸ್ಕೀ ಕೆಳಗೆ ಕಪ್ಪು ಸಿಕ್ಕರೆ ಬೀಳುವುದು ಖಂಡಿತ. ಹೊರಗಿನಿಂದ ನೋಡುವವರಿಗೆ ಕಪ್ಪು ಕೊಡುವುದೇನು ದೊಡ್ಡ ಕೆಲಸ ಅನ್ನಿಸುತ್ತದೆ, ಅಲ್ವಾ? ನಮ್ಮ ಗುಂಪನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಇಷ್ಟನ್ನೂ ಹತ್ತೇ ನಿಮಿಷದಲ್ಲಿ ಕಲಿಸಿದರು. ಬೆಳಗಿನಿಂದ ಸಂಜೆವರೆಗೆ ಒಮ್ಮೆಯೂ ಕೂರಲಿಲ್ಲ ಆಕೆ. ಕೊನೆಯ ಸ್ಕೀಯರ್ ಬರುವವರೆಗೆ ಮೇಜು ಮಡಿಸಬಾರದು ಅನ್ನುವುದು ಅವರ ಕಟ್ಟುನಿಟ್ಟು. ಮೊದಲ ಸಾಲಿನಲ್ಲಿ ಬಂದವರಿಗೆ ಸಿಕ್ಕ ಬಾಳೆಹಣ್ಣು, ಬಿಸ್ಕತ್ತು ಕೊನೆಯವರಿಗೂ ಸಿಗಬೇಕು ಅಂತ ಒಂದು ಡಬ್ಬ ತೆಗೆದು ಬೇರೆ ಇಟ್ಟಿದ್ದರು. ಹಿಂದಿನ ವೇವ್‌ನಲ್ಲಿ ಓಡಿದವರಿಗೆ ಇದರ ಬೆಲೆ ಗೊತ್ತು. ನಾನು ಓಡಿದ ವರ್ಷ ಸುಸ್ತಾಗಿ ಕಾಲು ಎಳೆಯುತ್ತಿದ್ದಾಗ ಇಂಥದೇ ಒಂದು ಡಬ್ಬದಿಂದ ಕಿತ್ತಳೆ ಹೋಳು ಬಂದಿತ್ತು.

ಕಾಡಿನೊಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಅದಕ್ಕೇ ಹ್ಯಾಮ್ ರೇಡಿಯೊ ಹವ್ಯಾಸಿಗಳು ಬಂದು ಅಲ್ಲಲ್ಲಿ ನಿಂತು ಸುದ್ದಿ ಮುಟ್ಟಿಸುತ್ತಾರೆ. ಬಿದ್ದವರಿಗೆ ನೆರವಾಗುವ ಸ್ಕೀ ಗಸ್ತಿನವರೂ (ಸ್ಕೀ ಪಟ್ರೋಲ್) ಇರುತ್ತಾರೆ. ಇಳಿಜಾರಿನ ತಿರುವಿನಲ್ಲಿ ಬಿದ್ದು ಮಂಡಿ ಹಿಡಿದುಕೊಂಡಿದ್ದ ಒಬ್ಬರ ಹತ್ತಿರ ಅವರು ಎಷ್ಟು ಬೇಗ ತಲುಪಿದರು ಅಂದರೆ, ಹಿಂದೆ ಬರುತ್ತಿದ್ದ ನಾನು ನಿಲ್ಲುವ ಅಗತ್ಯವೇ ಬರಲಿಲ್ಲ.

ಕೊನೆಯ ಭಾಗ ಹೇವರ್ಡ್ ಕೆರೆಯ ಮೇಲೆ, ಹೆಪ್ಪುಗಟ್ಟಿದ ನೀರಿನ ಮೇಲೆಯೇ. ಎದುರು ಗಾಳಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿ ಸುಮ್ನೆ ನೋಡಲು ಬಂದವರೂ ಸ್ನೋಮೊಬೈಲ್ ನಿಲ್ಲಿಸಿಕೊಂಡು, ಒಲೆ ಹಚ್ಚಿಕೊಂಡು, ಬಂದವರಿಗೆಲ್ಲ ಏನಾದರೂ ತಿನ್ನಲು ಕೊಡುತ್ತಿರುತ್ತಾರೆ. ಆಮೇಲೆ ಹೆದ್ದಾರಿ 63ರ ಮೇಲೆ ಈ ರೇಸ್‌ಗೆಂದೇ ಕಟ್ಟುವ ಸೇತುವೆ ದಾಟಿ ಮುಖ್ಯ ಬೀದಿ. ಆ ಬೀದಿ ಮಾಮೂಲಿ ದಿನ ಕಾರು ಓಡುವ ಡಾಂಬರು ರಸ್ತೆ. ರೇಸ್‌ಗೆ ಮುಂಚೆ ಲಾರಿಗಳಲ್ಲಿ ಸ್ನೋ ತಂದು ಸುರಿದು, ಹರಡಿ, ಹದ ಮಾಡಿ ಸ್ಕೀ ದಾರಿ ಮಾಡುತ್ತಾರೆ. ಎರಡೂ ಕಡೆ ಜನ, ಎಲ್ಲರ ಕೈಯಲ್ಲೂ ಹಸುವಿನ ಕೊರಳ ಗಂಟೆ. ಮೊದಲು ಬಂದವರಿಗೆ ಬಾರಿಸಿದಷ್ಟೇ ಜೋರಾಗಿ ಸಂಜೆ ಬಂದವರಿಗೂ ಬಾರಿಸುತ್ತಾರೆ. ನೋಡಲು ಹೋಗುವವರು ಈ ಬೀದಿಯಲ್ಲೇ ನಿಲ್ಲಿ, ಮಕ್ಕಳಿದ್ದರೆ ಅಂಗಡಿಗಳ ಒಳಗೆ ಹೋಗಿ ಬೆಚ್ಚಗಾಗಿ ಬರಬಹುದು.

ಸ್ನೋ ಇಲ್ಲದಿದ್ದರೆ ಏನು ಗತಿ ಅನ್ನುವ ಪ್ರಶ್ನೆ ಈಗ ನಿಜವಾಗಿಯೂ ಇದೆ. 2000 ಮತ್ತು 2017ರಲ್ಲಿ ಹವಾಮಾನ ಕೈಕೊಟ್ಟು ದೊಡ್ಡ ರೇಸ್ ರದ್ದಾಗಿತ್ತು. 2024ರಲ್ಲಂತೂ ಚಳಿಗಾಲವೇ ಬರಲಿಲ್ಲ ಅನ್ನಬೇಕು, ಸುತ್ತ ಕಾಡೆಲ್ಲ ಕಂದು ಬಣ್ಣ. ಆದರೂ ಕೈಚೆಲ್ಲಲಿಲ್ಲ. ಯಂತ್ರದಿಂದ ಸ್ನೋ ಮಾಡಿ, ಟೆಲಿಮಾರ್ಕ್ ಗುಡ್ಡದ ಹತ್ತಿರ 10 ಕಿಲೋಮೀಟರಿನ ಸುತ್ತು ಸಿದ್ಧ ಮಾಡಿ, ಅದರ ಮೇಲೆ ಸುತ್ತು ಹಾಕಿಸಿ ರೇಸ್ ನಡೆಸಿದರು. ದಾರಿ ಬದಲಾದರೆ ಬಸ್ಸು, ಮೇಜು, ಚೀಲ, ಎಲ್ಲರ ಜಾಗವೂ ಬದಲಾಗುತ್ತದೆ, ಅಷ್ಟನ್ನೂ ಕೆಲವೇ ವಾರದಲ್ಲಿ ಹೊಸದಾಗಿ ಜೋಡಿಸಬೇಕು. ದುಡ್ಡಿದ್ದ ಮಾತ್ರಕ್ಕೆ ಇದು ಆಗುವ ಕೆಲಸವಲ್ಲ. ನನಗೆ ಈ ರೇಸ್ ಮೇಲೆ ಗೌರವ ಜಾಸ್ತಿಯಾದದ್ದು ಆ ವರ್ಷ.

ಅರ್ಧ ಅಂಕ ಯಾಕೆ ಕಳೆದೆ ಅಂದರೆ, ಮುಖ್ಯವಾಗಿ ಖರ್ಚು. ದೊಡ್ಡ ರೇಸ್‌ನ ಪ್ರವೇಶ ಶುಲ್ಕ ನೂರು ಡಾಲರ್ ದಾಟುತ್ತದೆ, ತಡ ಮಾಡಿದಷ್ಟೂ ಏರುತ್ತದೆ. ಸಣ್ಣ ಊರು, ರೂಮುಗಳು ಕಡಿಮೆ, ಆ ವಾರ ಬಾಡಿಗೆ ಆಕಾಶದಲ್ಲಿರುತ್ತದೆ. ನನಗೆ ಸಿಕ್ಕಿದ್ದು ದೂರದ ಒಂದು ಲಾಡ್ಜ್, ದುಪ್ಪಟ್ಟು ಬಾಡಿಗೆ ಕೊಟ್ಟರೂ ಹೀಟರ್ ಸರಿಯಿರಲಿಲ್ಲ, ರಾತ್ರಿ ಜಾಕೆಟ್ ಹಾಕಿಕೊಂಡೇ ಮಲಗಿದ್ದು. ಸಾಧ್ಯವಾದರೆ ಬೇಸಿಗೆಯಲ್ಲೇ ಬುಕ್ ಮಾಡಿ, ಇಲ್ಲವೇ ಒಂದೂವರೆ ಗಂಟೆ ದೂರದ ಡುಲೂತ್‌ನಲ್ಲಿ ಉಳಿಯಿರಿ. ಸ್ಕೀ ಬಾಡಿಗೆಗೆ ತರುವವರು ಬೂಟನ್ನು ಮನೆಯಲ್ಲೇ ಬೈಂಡಿಂಗ್‌ಗೆ, ಅಂದರೆ ಸ್ಕೀ ಮೇಲಿನ ಕೊಂಡಿಗೆ, ಸಿಕ್ಕಿಸಿ ನೋಡಿ. ಒಂದು ಅಂಗಡಿಯವರು ನನ್ನ ಗೆಳೆಯನಿಗೆ ಹೊಂದದ ಜೋಡಿ ಕೊಟ್ಟು ಕಳಿಸಿದ್ದರು.

ಊಟದ ಮಾತು. ಸಸ್ಯಾಹಾರಿಗಳಿಗೆ ದಾರಿಯಲ್ಲಿ ತೊಂದರೆಯಿಲ್ಲ, ಹಣ್ಣು, ಬಿಸ್ಕತ್ತು ಸಿಗುತ್ತದೆ. ಮುಗಿಸಿದ ಮೇಲೆ ಬಿಸಿ ಸೂಪು ಕೈಗೆ ಬಂದಾಗ ಮಾತ್ರ ಅದರಲ್ಲಿ ಚಿಕನ್ ಇದೆಯಾ ಅಂತ ಕೇಳಿಕೊಳ್ಳಿ. ನಾನಂತೂ ಬಟ್ಟೆ ಚೀಲದಲ್ಲೇ ಚಪಾತಿ, ಚಟ್ನಿಪುಡಿ ಇಟ್ಟುಕೊಂಡಿದ್ದೆ. ಗಟ್ಟಿಯಾಗಿತ್ತು, ಆದರೂ ಅಷ್ಟು ರುಚಿಯಾಗಿ ಚಪಾತಿ ತಿಂದ ನೆನಪಿಲ್ಲ.

ನನ್ನನ್ನು ಕೇಳಿದರೆ ಮೊದಲ ವರ್ಷ ವಾಲಂಟಿಯರ್ ಆಗಿ ಹೋಗಿ. ಎಂಟು ಹತ್ತು ಜನ ಗೆಳೆಯರು, ಒಂದೆರಡು ಕುಟುಂಬ ಸೇರಿಕೊಂಡರೂ ಸಾಕು. ರೇಸ್‌ನ ವೆಬ್‌ಸೈಟ್‌ನಲ್ಲಿ ಹೆಸರು ಕೊಡಬಹುದು. ಹೊರಗಿನವರು ಅಂತ ಯಾರೂ ದೂರ ಇಡುವುದಿಲ್ಲ, ನಮಗೆ ಹೋದ ಕೂಡಲೇ ಕೆಲಸ ಕೊಟ್ಟರು. ಕೆಲಸ ಆರಿಸಿಕೊಳ್ಳಲು ಬಿಟ್ಟರೆ ಏಡ್ ಸ್ಟೇಷನ್ ಕೇಳಿ, ಚಳಿ ತಡೆಯದವರಿಗೆ ಒಳಗೆ ಕೂತು ಬಿಬ್ ಕೊಡುವ ಕೆಲಸ ಒಳ್ಳೆಯದು. ಹೊರಗೆ ನಿಲ್ಲುವವರು ಕೈಗವಸು ಎರಡು ಜೊತೆ ಒಯ್ಯಿರಿ, ನೀರು ಚೆಲ್ಲಿ ಒಂದು ಜೊತೆ ಬೇಗ ನೆನೆಯುತ್ತದೆ. ಬೂಟಿನೊಳಗೆ ಉಣ್ಣೆಯ ಸಾಕ್ಸ್ ಇರಲಿ, ಕಾಟನ್ ಬೇಡ.