ಗಾಡಿಯ ಚಾವಣಿಗೆ ‘ರಬ್ಬರ್ ಕೋಟಿಂಗ್’ ಮಾಡಿಸುವ ಮೊದಲು ದಯವಿಟ್ಟು ಇದನ್ನು ಓದಿ

ಕಾರವಾರದ ಸುತ್ತಮುತ್ತ ಯಾರಾದರೂ ತಮ್ಮ ಗಾಡಿಯ ಚಾವಣಿಗೆ ನೀರು ಸೋರದಂತೆ ರಬ್ಬರ್ ಕೋಟಿಂಗ್ ಮಾಡಿಸಲು ಹೊರಟಿದ್ದರೆ, ಮುಂಗಡ ಕೊಡುವ ಮೊದಲು ನನಗಾದದ್ದನ್ನು ತಿಳಿದುಕೊಳ್ಳಿ. 18,000 ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮನೆಗೆ ಬಂದ ನೆಂಟರ ಎದುರು ತಲೆ ತಗ್ಗಿಸಬೇಕಾಯಿತು.

ನಮ್ಮದು ಹಳೆಯ ಟೆಂಪೊ ಟ್ರಾವೆಲರ್. ಒಳಗೆ ಎರಡು ಹಾಸಿಗೆ, ಒಂದು ಸಣ್ಣ ಅಡುಗೆಕಟ್ಟೆ ಮಾಡಿಸಿ, ಮನೆಮಂದಿಯ ತಿರುಗಾಟಕ್ಕೆಂದು ಕ್ಯಾರವಾನ್ ಮಾಡಿಕೊಂಡಿದ್ದೇವೆ. ಚಾವಣಿಯಲ್ಲಿ ಗಾಳಿಗೆಂದು ಕೂರಿಸಿದ ಕಿಂಡಿಯ ಸುತ್ತ ಕಳೆದ ಮಳೆಗಾಲದಲ್ಲಿ ಸ್ವಲ್ಪ ನೀರು ಒಸರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ಮತ್ತೆ ಸೆಪ್ಟೆಂಬರ್‌ವರೆಗೆ ಏನೂ ಮಾಡಲಾಗುವುದಿಲ್ಲ ಎಂದು ಏಪ್ರಿಲ್‌ನಲ್ಲೇ ಹೆದ್ದಾರಿ ಬದಿಯ ಒಬ್ಬ ಕೋಟಿಂಗ್ ಕೆಲಸದವರನ್ನು ಕರೆಸಿದೆ. ಅವರು ಏಣಿ ಹತ್ತಲೇ ಇಲ್ಲ. ಕೆಳಗೆ ನಿಂತುಕೊಂಡೇ, “ಸರ್, ಇದು ಬರೀ ಪೇಂಟ್ ಅಲ್ಲ, ರಬ್ಬರ್. ಸಮುದ್ರದ ಉಪ್ಪುಗಾಳಿಗೆಂದೇ ಮಾಡಿದ್ದು. ಐದು ವರ್ಷ ನೀವು ಮೇಲೆ ನೋಡೋದೇ ಬೇಡ” ಎಂದರು. ಹತ್ತಿ ನೋಡದವರ ಮಾತನ್ನು ನಾನು ನಂಬಿದೆ. ಆ ಮಾತನ್ನು ದಯವಿಟ್ಟು ನೆನಪಿಡಿ: ಉಪ್ಪುಗಾಳಿಗೆಂದೇ ಮಾಡಿದ್ದು.

ಮಧ್ಯಾಹ್ನ 3 ಗಂಟೆಗೆ ಬಂದ ಇಬ್ಬರು ಹುಡುಗರು ಒಣ ಬಟ್ಟೆಯಿಂದ ಧೂಳು ಒರೆಸಿ, ರೋಲರ್ ಎಳೆದು, ಕತ್ತಲಾಗುವಷ್ಟರಲ್ಲಿ ಕೆಲಸ ಮುಗಿಸಿದರು. ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯುವುದಿಲ್ಲವೇ, ತುಕ್ಕು ಕೆರೆದು, ಕೋಟಿಂಗ್ ಹಿಡಿದುಕೊಳ್ಳಲೆಂದು ಅಡಿಗೆ ಬಳಿಯುವ ಪ್ರೈಮರ್ ಹೊಡೆಯುವುದಿಲ್ಲವೇ ಎಂದು ನಾನು ಕೇಳಿದ್ದೆ. “ರಬ್ಬರ್ ಎಲ್ಲಾ ಹಿಡ್ಕೊಳ್ತದೆ ಸರ್” ಎಂಬ ಉತ್ತರ ಬಂತು. ಕೇಳಿಯೂ ಕೆಲಸ ನಿಲ್ಲಿಸಲಿಲ್ಲವಲ್ಲ ಎಂಬುದೇ ನನ್ನನ್ನು ಇಂದಿಗೂ ಸುಡುತ್ತಿದೆ.

ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಅಕ್ಕ, ಭಾವ ಬಂದಿದ್ದರು. ಎಲ್ಲರೂ ಸೇರಿ ಮಾಜಾಳಿ ಕಡಲತೀರದ ಹತ್ತಿರ ಗಾಡಿ ನಿಲ್ಲಿಸಿ ಮಲಗಿದ್ದೆವು. ನಡುರಾತ್ರಿ ಗುಡುಗು ಸಹಿತ ಮಳೆ ಬಂತು, ಅರ್ಧ ಗಂಟೆಯೂ ಇರಲಿಲ್ಲ. ಭಾವ ಮುಖ ಒರೆಸಿಕೊಳ್ಳುತ್ತ ಎದ್ದು ಕುಳಿತು, “ಹೊಸದಾಗಿ ಮಾಡಿಸೀನಿ ಅಂದಿದ್ಯಲ್ಲೋ?” ಎಂದರು. ಅವರು ಬೈಯಲಿಲ್ಲ, ಬರಿದೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಬೆಳಿಗ್ಗೆ ಏಣಿ ಹತ್ತಿ, ಕಿಂಡಿಯ ಪಕ್ಕದ ಅಂಚನ್ನು ಉಗುರಿನಿಂದ ಎತ್ತಿದೆ. ಕಾಯಿಸಿದ ಹಾಲಿನ ಕೆನೆಯಂತೆ ಇಡೀ ಪದರ ಕೈಗೆ ಬಂತು. ಅದರ ಒಳಮೈಗೆ ಕೆಂಪು ತುಕ್ಕಿನ ಪುಡಿ ಅಂಟಿತ್ತು. ಕಿಂಡಿಯ ಸುತ್ತ ಸಂದಿ ಮುಚ್ಚಲು ಹಾಕಿದ್ದ ಹಳೆಯ ಸಿಲಿಕೋನ್ ಅಂಟು ಮಾತ್ರ ಏನೂ ತಾಗಿಯೇ ಇಲ್ಲವೆಂಬಂತೆ ನುಣ್ಣಗೆ ಹೊಳೆಯುತ್ತಿತ್ತು. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಮೊದಲು ಅದನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಈ ಕೆಲಸ ಮಾಡುವವರಿಗೆ ಇದು ತಿಳಿಯದ ಸಂಗತಿಯಲ್ಲ.

ಹುಡುಗರು ಬಿಟ್ಟುಹೋದ ಖಾಲಿ ಬಕೆಟ್ಟಿನಲ್ಲಿ ನನ್ನ ಹೆಂಡತಿ ಗಿಡಗಳಿಗೆ ನೀರು ಹಾಕುತ್ತಿದ್ದಳು. ಮನೆಗೆ ಬಂದವನೇ ಅದನ್ನು ತಿರುಗಿಸಿ ಓದಿದೆ. ಕಾಂಕ್ರೀಟ್ ತಾರಸಿಗೆ ಹಚ್ಚುವ, ನೀರು ಬೆರೆಸುವ ಅಕ್ರಿಲಿಕ್ ಕೋಟಿಂಗ್, 4 ಲೀಟರ್. ಒಂದೇ ಬಕೆಟ್. ನನ್ನ ಗಾಡಿಯ ಚಾವಣಿ ಸುಮಾರು 10 ಚದರ ಮೀಟರ್ ಇದೆ. ಅಂದರೆ ಹಸಿ ಇದ್ದಾಗಲೇ ಪದರದ ದಪ್ಪ 0.4 ಮಿಲಿಮೀಟರ್, ನೀರು ಆರಿದ ಮೇಲೆ ಅದಕ್ಕಿಂತಲೂ ಕಡಿಮೆ. ಬಿಸಿಲಿಗೆ ಹಿಗ್ಗಿ ಕುಗ್ಗುವ ತಗಡಿನ ಮೇಲೆ, ಜೋಡಣೆಗಳಿಗೆ ಟೇಪನ್ನಾಗಲಿ ಬಟ್ಟೆಯ ಪಟ್ಟಿಯನ್ನಾಗಲಿ ಹಾಕದೆ ಬಳಿದ ಅಷ್ಟು ತೆಳ್ಳನೆಯ ಪದರ ಹೇಗೆ ನಿಂತೀತು? ಆ ಬಕೆಟ್ ಒಂದು ತಿಂಗಳು ನಮ್ಮ ಅಂಗಳದಲ್ಲೇ ಇತ್ತು. ನಾನು ಒಮ್ಮೆಯೂ ಓದಿರಲಿಲ್ಲ.

ಕೋಟಿಂಗ್ ಕೆಲಸದವರು ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಬೇರೆ ನಂಬರಿನಿಂದ ಮಾಡಿದಾಗ ಎತ್ತಿ, “ಸರ್, ಸಮುದ್ರದ ಹತ್ರ ಯಾವ ಕೋಟಿಂಗೂ ನಿಲ್ಲೋದಿಲ್ಲ, ಉಪ್ಪುಗಾಳಿ” ಎಂದರು. ಯಾವ ಗಾಳಿಯ ಹೆಸರು ಹೇಳಿ ದುಡ್ಡು ತೆಗೆದುಕೊಂಡಿದ್ದರೋ ಅದೇ ಗಾಳಿ! ನೀವೇ ಹೀಗೆ ಹೇಳಿದ್ದಿರಲ್ಲ ಎಂದರೆ, “ನೀವು ಮೇಲೆ ಹತ್ತಿ ಉಗುರು ಹಾಕಿದ್ರಿ, ಅದಕ್ಕೇ ಕಿತ್ತದ್ದು” ಎಂದರು. ಕೊನೆಗೆ, “ಬಿಲ್ಲಿನಲ್ಲಿ ರಬ್ಬರ್ ಅಂತ ಎಲ್ಲಿ ಬರೆದಿದೆ, ತೋರಿಸಿ” ಎಂದರು. ಫೋನ್ ಕಿವಿಯಲ್ಲಿರುವಾಗಲೇ ಬಿಲ್ ತೆಗೆದು ನೋಡಿದೆ. ‘ಟಾಪ್ ಬಣ್ಣ, 18,000’ ಎಂದಷ್ಟೇ ಇತ್ತು. ವಾರಂಟಿಯ ಮಾತಿಲ್ಲ, ಸಾಮಾನಿನ ಹೆಸರಿಲ್ಲ. ಮೋಸ ಹೋದದ್ದು ನನಗೆ ನಿಜವಾಗಿ ಅರಿವಾದದ್ದು ಚಾವಣಿಯ ಮೇಲಲ್ಲ, ಆ ಬಿಲ್ಲನ್ನು ಕೈಯಲ್ಲಿ ಹಿಡಿದು ನಿಂತಾಗ.

ಆದ್ದರಿಂದ ಸಾಮಾನಿನ ಪೂರ್ತಿ ಹೆಸರು, ಎಷ್ಟು ಲೀಟರ್, ಎಷ್ಟು ವರ್ಷದ ವಾರಂಟಿ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಕೆಟ್ ನಿಮ್ಮ ಕಣ್ಣೆದುರೇ ತೆರೆಯಲಿ. ಏಣಿ ಹತ್ತಿ ನೋಡದೆ ದರ ಹೇಳುವವರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ, ತೊಳೆಯದೆ ರೋಲರ್ ಎತ್ತಿದರೆ ಅಲ್ಲೇ ಕೆಲಸ ನಿಲ್ಲಿಸಿ. ನಾನು ನಿಲ್ಲಿಸಬೇಕಿತ್ತು.

ಹಣ ವಾಪಸ್ ಬಂದಿಲ್ಲ. ಕಿಂಡಿಯ ಸುತ್ತಲಿನ ಸಿಲಿಕೋನನ್ನು ನಾನೇ ಬ್ಲೇಡಿನಿಂದ ಕೆರೆದು ತೆಗೆದಿದ್ದೇನೆ. ಅಷ್ಟರಲ್ಲಿ ಮಳೆ ಹಿಡಿಯಿತು. ಈಗ ಗಾಡಿಗೆ ನೀಲಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದೇವೆ. ತಗಡು ಒಣಗುವವರೆಗೆ ಬೇರೆ ಯಾವ ಕೋಟಿಂಗಿಗೂ ಕೈಹಾಕುವಂತಿಲ್ಲ.