ಬಿಸಿ ಖಂಡ ಚೀಲದಾಗ ಕಟ್ಟಿಸ್ಕೋಬ್ಯಾಡ್ರಿ

ಜತ್ತ, ಅಕ್ಕಲಕೋಟ ಕಡೆ ಹೊಲದಾಗ ಬ್ಯಾಟಿ (ದೇವರಿಗೆ ಕುರಿ ಕೊಯ್ದು ಮಾಡೋ ಊಟ) ಇಟ್ಕೊಂಡಾವ್ರು ಇದನ್ನೊಮ್ಮೆ ಓದ್ರಿ. ಹ್ವಾದ ಬ್ಯಾಸಗಿಗೆ ನಮ್ಮ ಹೊಲದ ದೇವಿಗೆ ಕುರಿ ಕೊಟ್ವಿ, ಕೊಯ್ಯಾಕ ಪ್ಯಾಟಿಯಿಂದ ಒಬ್ಬಾಂವನ್ನ ಕರಸಿದ್ವಿ, ರೇಟು ಕಡಿಮಿ ಅಂತ ನಮ್ಮ ಕಾಕಾ ಹುಡುಕಿದ್ದು. ಆ ಪುಣ್ಯಾತ್ಮ ಬೋಟಿ ಅಲ್ಲೇ ಬಾಜೂಕ ಸುರುವಿ, ಇನ್ನೂ ಹಬಿ ಆಡೋ ಖಂಡ ಹಂಗಂದ್ರ ಹಂಗ ಯೂರಿಯಾ ಚೀಲದಾಗ ತುಂಬಿ ಬಾಯಿ ಬಿಗದು, ಟ್ರಾಲಿ ನೆಳ್ಳಾಗ ಒಗದು, ಏನೂ ಆಗೂದಿಲ್ಲ ತಗೋರಿ ಅಂತ ರೊಕ್ಕ ಎಣಿಸ್ಕೊಂಡು ಗಾಡಿ ಹತ್ತಿದ.

ರಾತ್ರಿ ಊಟಕ್ಕ ಅಂತ ಸಂಜಿಮುಂದ ಚೀಲ ಬಿಚ್ಚಿದ್ರ ಒಳಗೆಲ್ಲಾ ಬೆವತು ನೀರು ಇಳದಿತ್ತು. ತೊಡಿ ಖಂಡ ಜಿಗಿಜಿಗಿ, ಎಲಬಿನ ಸಂದಿನಾಗ ರವಾಕಿಂತ ಚೂರು ಉದ್ದ ಬಿಳಿ ತತ್ತಿ, ಒತ್ತಾಗಿ ಅಂಟಿದ್ದವು. ಅಂದ್ರ ಚೀಲ ಕಟ್ಟೋಕಿಂತ ಮೊದಲ ನೊಣ ತಮ್ಮ ಕೆಲಸ ಮುಗಿಸಿದ್ವು. ಹಳದಿ ಹಚ್ಚಿ ತೊಳದು ಚಲೋತಂಗ ಕುದಿಸಿದ್ರ ಎಲ್ಲಾ ಸಾಯ್ತಾವು ಅಂದ್ರು ಕೆಲವರು. ಹುಳ ಸಾಯ್ತಾವು ಖರೆ, ಆದ್ರ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದ್ರೂ ಹೋಗೂದಿಲ್ಲ. ನಾವು ತಗ್ಗು ತಗದು ಮುಚ್ಚಿದ್ವಿ, ಪಾಲು ಮೊದಲ ಒಯ್ದಿದ್ದ ಮನ್ಯಾಗ ಮಾತ್ರ ರಾತ್ರಿಯೆಲ್ಲಾ ವಾಂತಿ-ಸಂಡಾಸ, ಮುಂಜಾನೆ ದವಾಖಾನ್ಯಾಗ ಸಲಾಯಿನ್.

ಹಿಂದಕ ಮೊಲದ ಬ್ಯಾಟಿಗೆ ಹೋಗತಿದ್ದ ಮುದುಕರಿಗೆ ಇದು ಗೊತ್ತಿತ್ತು ನೋಡ್ರಿ, ಹೊಡದ ಜಾಗಾದಾಗ ಹೊಟ್ಟಿ ಸೀಳಿ ಕರಳು ತಗದು ಗಾಳಿಗೆ ಜೋತು ಬಿಟ್ಕೊಂಡ ಬರತಿದ್ರು. (1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹೊಡಿಯೂದು ಈಗ ಗುನ್ಹೆ, ಆ ಉಸಾಬರಿ ಯಾರಿಗೂ ಬ್ಯಾಡ.) ಖಂಡ ಕೆಡೂದು ಒಳಗಿನ ಕಾವಿಗೆ, ಅದಕ್ಕ ದಪ್ಪ ತೊಡಿ ಎಲಬಿನ ಕಡೆಯಿಂದನ ಮೊದಲ ನಾರತೈತಿ. ಚರ್ಮ ಲಗೂನ ಸುಲಿಸ್ರಿ, ತೊಡಿ ಎಲಬಿನಗುಂಟ ಸೀಳಿಸ್ರಿ, ಗುಂಪಿ ಹಾಕದ ನೆಳ್ಳಾಗ ಗಾಳಿಗೆ ತೂಗಬಿಡ್ರಿ. ಮ್ಯಾಲೆ ತೆಳ್ಳನ ಹತ್ತಿ ಧೋತ್ರ ಸುತ್ತೂ ಇಳಿಬಿಡ್ರಿ, ಆದ್ರ ಅರಿವಿ ಖಂಡಕ್ಕ ಹತ್ತಬಾರದು, ಹತ್ತಿದ್ರ ನೊಣ ಅರಿವಿ ಮ್ಯಾಲೆ ಕುಂತನ ತತ್ತಿ ಇಡತಾವು. ಮ್ಯಾಲಿನ ಪದರ ಒಣಗಿದಷ್ಟು ನೊಣ ಕಡಿಮಿ, ಹಸಿ ರಗತ ಇದ್ದಲ್ಲೇ ಅವು ಮುಕರತಾವು, ಅದಕ್ಕ ಸುಮ್ಮಸುಮ್ಮನ ನೀರು ಹಾಕಿ ತೊಳೀಬ್ಯಾಡ್ರಿ. ಕುಳ್ಳಿನ ಹೊಗಿ ಹಾಕಿದ್ರೂ ಚಲೋನ. ಬೋಟಿ ಮಾತ್ರ ದೂರ ಇಡ್ರಿ. ಬಿಸಲು 32 ಡಿಗ್ರಿ ದಾಟಿದ್ರ ಹಸಿ ಖಂಡ ತಾಸಿನ ಮ್ಯಾಲೆ ಹೊರಗ ಇರಬಾರದು, ನಮ್ಮ ಕಡೆ ಏಪ್ರಿಲ್‌ದಾಗ 40 ಇರತೈತಿ, ಹಂಗಾಗಿ ಥರ್ಮಾಕೋಲ್ ಡಬ್ಬಿ, ಬರ್ಫ ಮೊದಲ ತರಸ್ರಿ ಇಲ್ಲಾ ಒಲಿ ಹಚ್ಚಿದ ಮ್ಯಾಲೆನ ಕೊಯ್ಯಸ್ರಿ.

ಕೊಯ್ಯಾಂವನ್ನ ಗೊತ್ತು ಮಾಡೋವಾಗ ರೇಟು ಆಮ್ಯಾಲೆ, ಖಂಡ ಯಾತರಾಗ ಕಟ್ತೀಯಪಾ ಅಂತ ಮೊದಲ ಕೇಳ್ರಿ. ಗೊಬ್ಬರ ಚೀಲ ಅಂದ್ರ ಬ್ಯಾರೆ ಆಳು ಹುಡುಕ್ರಿ.